ನಸುಕಿನ ಜಗಳ ಮತ್ತು ನಮ್ಮ ರಾತ್ರಿಗಳು

(ಆಳಂದ, ಅಫಜಲಪುರ ಮತ್ತು ಜೇವರ್ಗಿಯ ಕುಟುಂಬ ಸಭೆಗಳಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಇಂತಹ ಸಭೆಗಳಲ್ಲಿ ನಾವು ಸಾಮಾನ್ಯವಾಗಿ ದೊಡ್ಡ ವಿಷಯಗಳನ್ನೇ ಎತ್ತಿಕೊಳ್ಳುತ್ತೇವೆ. 2006ರ ಸಾಚಾರ್ ಸಮಿತಿಯ ವರದಿ, ಮೀಸಲಾತಿ, ವಕ್ಫ್ ಆಸ್ತಿ, ಚುನಾವಣೆ. ಅವು ಬೇಡವೆಂದಲ್ಲ. ಆದರೆ ದಿನವೂ ನಮ್ಮ ಮನೆಗಳಲ್ಲಿ ನಡೆಯುವ ಒಂದು ಜಗಳದ ಬಗ್ಗೆ ಯಾವ ವೇದಿಕೆಯಲ್ಲೂ ಮಾತು ಬರುವುದಿಲ್ಲ. ಅದು ಹಾಸಿಗೆ ಬಿಟ್ಟೇಳುವ ಜಗಳ. ಅಮ್ಮಿ ಮೂರು ಸಲ ಕರೆಯುತ್ತಾರೆ. ನಾಲ್ಕನೆಯ ಸಲ ಅಬ್ಬಾ ಗದರುತ್ತಾರೆ. ಚಾದರ ಎಳೆಯಲಾಗುತ್ತದೆ, ಫ್ಯಾನ್ ನಿಲ್ಲಿಸಲಾಗುತ್ತದೆ, ಪಕ್ಕದ ಮನೆಯ ಹುಡುಗನ ಉದಾಹರಣೆ ಕೊಡಲಾಗುತ್ತದೆ. ಏಳುವವನು ಕೊನೆಗೆ ಏಳುತ್ತಾನೆ, ಆದರೆ ಅವಮಾನವನ್ನು ಹೊತ್ತು ಏಳುತ್ತಾನೆ. ಮನೆಯ ದಿನವು ಬೈಗುಳದಿಂದ ಆರಂಭವಾಗುತ್ತದೆ.

ಏಳಲಾಗದವನ ಮೇಲೆ ನಾವು ಎರಡು ತೀರ್ಪುಗಳನ್ನು ಸಿದ್ಧವಾಗಿ ಇಟ್ಟುಕೊಂಡಿದ್ದೇವೆ. ಒಂದು, ಇವನು ಸೋಮಾರಿ. ಇನ್ನೊಂದು, ಇವನ ಈಮಾನ್ ದುರ್ಬಲ. ಎರಡನೆಯ ತೀರ್ಪನ್ನು ನೀಡುವ ಮೊದಲು ಖೈಬರ್‌ನಿಂದ ಮರಳುತ್ತಿದ್ದ ಆ ರಾತ್ರಿಯನ್ನು ನೆನಪಿಸಿಕೊಳ್ಳಬೇಕು. ಪ್ರವಾದಿ ಮುಹಮ್ಮದ್(ಸ)ರೂ ಅವರ ಸಂಗಾತಿಗಳೂ ರಾತ್ರಿಯಿಡೀ ಪ್ರಯಾಣಿಸಿ ದಣಿದು ದಾರಿಯಲ್ಲಿ ತಂಗಿದರು. ಫಜ್ರ್‌ಗೆ ಎಬ್ಬಿಸುವ ಹೊಣೆಯನ್ನು ಹಝ್ರತ್ ಬಿಲಾಲ್(ರ)ರಿಗೆ ವಹಿಸಲಾಯಿತು. ಬಿಲಾಲ್‌ರು ಬಹಳ ಹೊತ್ತು ನಮಾಝ್‌ನಲ್ಲಿ ಕಳೆದು, ಬೆಳಕು ಹರಿಯುವ ದಿಕ್ಕಿಗೆ ಮುಖ ಮಾಡಿ ಒಂಟೆಗೆ ಒರಗಿ ಕುಳಿತರು. ಅವರಿಗೂ ನಿದ್ದೆ ಬಂತು. ಬಿಸಿಲು ತಾಗುವವರೆಗೆ ಯಾರಿಗೂ ಎಚ್ಚರವಾಗಲಿಲ್ಲ. ಸಹೀಹ್ ಮುಸ್ಲಿಮ್‌ನಲ್ಲಿ ಈ ಘಟನೆಯಿದೆ. ಅಲ್ಲಿ ಯಾರಿಗೂ ಶಿಕ್ಷೆಯಾಗಲಿಲ್ಲ, ಯಾರ ಈಮಾನನ್ನೂ ಅಳೆಯಲಿಲ್ಲ. ಅಲ್ಲಿಂದ ಸ್ವಲ್ಪ ದೂರ ಸಾಗಿ, ವುಝೂ ಮಾಡಿ, ನಮಾಝ್ ನಿರ್ವಹಿಸಿದರು. ಅದೇ ಗ್ರಂಥದ ಇನ್ನೊಂದು ವರದಿಯಲ್ಲಿ, ನಿದ್ದೆಯಲ್ಲಿ ನಡೆದುದನ್ನು ಲೋಪವೆನ್ನಲಾಗದು, ಎಚ್ಚರವಿದ್ದಾಗ ಮಾಡುವುದೇ ಲೋಪ ಎಂಬ ಆಶಯದ ಪ್ರವಾದಿವಚನವಿದೆ.

ಇಂದು ನಾವು ಹೇಳಬೇಕೆಂದಿರುವುದು ಇದನ್ನೇ. ಬೆಳಗಿನ ಐದು ಗಂಟೆಗೆ ಹಾಸಿಗೆಯಲ್ಲಿ ಬಿದ್ದಿರುವವನನ್ನು ವಿಚಾರಣೆಗೆ ಗುರಿಪಡಿಸುವ ಬದಲು, ಹಿಂದಿನ ರಾತ್ರಿ ಹನ್ನೊಂದು ಗಂಟೆಗೆ ಎಚ್ಚರವಿದ್ದ ಇಡೀ ಮನೆಯನ್ನು ವಿಚಾರಣೆಗೆ ಗುರಿಪಡಿಸಬೇಕು.

ಈ ಸೀಮೆಯಲ್ಲಿ ರಾತ್ರಿಯೇ ಚಿಕ್ಕದು ಎಂಬುದನ್ನು ಮೊದಲು ಒಪ್ಪಿಕೊಳ್ಳೋಣ. ಕಲಬುರಗಿ ಜಿಲ್ಲೆಯಲ್ಲಿ ಜೂನ್ ತಿಂಗಳಲ್ಲಿ ಸೂರ್ಯ ಸುಮಾರು 5.45ಕ್ಕೆ ಹುಟ್ಟಿದರೆ, ಜನವರಿಯ ನಡುವೆ ಹುಟ್ಟುವುದು 6.55ರ ಸುಮಾರಿಗೆ. ಬೇಸಿಗೆಯಲ್ಲಿ ಇಶಾ ಜಮಾಅತ್ ಮುಗಿಸಿ ಮನೆ ಸೇರುವಾಗ ಒಂಬತ್ತಾಗಿರುತ್ತದೆ. ಫಜ್ರ್‌ನ ಹೊತ್ತು ನಾಲ್ಕೂವರೆಗೂ ಮುಂಚೆಯೇ ಆರಂಭವಾಗುತ್ತದೆ. ಮಸೀದಿಯಿಂದ ನೇರವಾಗಿ ಹಾಸಿಗೆಗೆ ಹೋದವನಿಗೂ ದಕ್ಕುವುದು ಏಳು ಗಂಟೆಯ ನಿದ್ದೆ. ನಮ್ಮಲ್ಲಿ ನೇರವಾಗಿ ಹಾಸಿಗೆಗೆ ಹೋಗುವವರು ಯಾರಿದ್ದಾರೆ?

ಅದರ ಮೇಲೆ ಸೆಖೆ. ಮೇ ತಿಂಗಳಲ್ಲಿ ಪಾದರಸ 42 ಡಿಗ್ರಿ ದಾಟುವುದು ಇಲ್ಲಿ ವಿಶೇಷವೇನಲ್ಲ. ಮನುಷ್ಯನಿಗೆ ನಿದ್ದೆ ಹತ್ತಬೇಕಾದರೆ ದೇಹದ ಒಳಗಿನ ಶಾಖ ತುಸು ಇಳಿಯಬೇಕು ಎಂದು ವೈದ್ಯವಿಜ್ಞಾನ ಹೇಳುತ್ತದೆ. ನಮ್ಮ ಹಿರಿಯರ ಮನೆಗಳಿಗೆ ಮಣ್ಣಿನ ಮಾಳಿಗೆಯಿತ್ತು, ಬೇಸಿಗೆಯಲ್ಲಿ ಅದರ ಮೇಲೆಯೇ ಹಾಸಿಗೆ ಹಾಸುತ್ತಿದ್ದರು. ಇಂದು ಪಟ್ಟಣಗಳಲ್ಲಿ ಸಿಮೆಂಟ್ ಛಾವಣಿ ಬಂದಿದೆ. ಹಗಲಿಡೀ ಕುಡಿದ ಬಿಸಿಲನ್ನು ಅದು ನಡುರಾತ್ರಿಯವರೆಗೆ ಒಳಗೆ ಇಳಿಸುತ್ತಿರುತ್ತದೆ. ಕರೆಂಟ್ ಹೋದರಂತೂ ಹೇಳುವುದೇ ಬೇಡ. ಮಕ್ಕಳು ಎರಡು ಗಂಟೆಯವರೆಗೆ ಹೊರಳಾಡಿ ಆಮೇಲೆ ನಿದ್ದೆಹೋಗುತ್ತಾರೆ. ಅಂತಹ ಮಗುವನ್ನು ನಸುಕಿನಲ್ಲಿ ಸೋಮಾರಿ ಎನ್ನುವುದು ನ್ಯಾಯವೇ? ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿ ವಿಭಾಗದ ಸರಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ವಾಡಿಕೆಯಿದೆ. ಇಲ್ಲಿನ ಬಿಸಿಲಿನ ಮುಂದೆ ಸರಕಾರವೇ ತನ್ನ ಗಡಿಯಾರವನ್ನು ಬದಲಿಸುತ್ತದೆ. ಮನೆಗಳು ಮಾತ್ರ ಬದಲಿಸಿಲ್ಲ.

ಭೀಮಾ ತೀರದ ಅಫಜಲಪುರ, ಜೇವರ್ಗಿ ಕಡೆಯ ರೈತರ ಮಾತೇ ಬೇರೆ. ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟ್ ಪಾಳಿಯ ಮೇಲೆ ಬರುತ್ತದೆ. ಪಾಳಿ ರಾತ್ರಿಗೆ ಬಿದ್ದರೆ ಕಬ್ಬಿಗೆ ನೀರು ಹಾಯಿಸಲು ರಾತ್ರಿಯೇ ಹೊಲಕ್ಕೆ ಹೋಗಬೇಕು. ಅವನು ಬೆಳಿಗ್ಗೆ ಎಂಟಕ್ಕೂ ಮಲಗಿದ್ದರೆ ಅದು ಅವನ ಹಕ್ಕು. ರಾತ್ರಿಪಾಳಿಯ ಚಾಲಕನೂ ಹಾಗೆಯೇ. ನಾವಿಲ್ಲಿ ಮಾತಾಡುತ್ತಿರುವುದು ಅಂಥವರ ಬಗ್ಗೆ ಅಲ್ಲ.

ದೇಹದೊಳಗೆ ಒಂದು ಗಡಿಯಾರವಿದೆ ಎಂಬುದು ಬರೀ ಅಲಂಕಾರದ ಮಾತಲ್ಲ. ಜೀವಕೋಶಗಳಲ್ಲಿ ಅದು ಹೇಗೆ ನಡೆಯುತ್ತದೆ ಎಂಬುದನ್ನು ಕಂಡುಹಿಡಿದುದಕ್ಕೆ ಜೆಫ್ರಿ ಹಾಲ್, ಮೈಕೆಲ್ ರೋಸ್‌ಬ್ಯಾಶ್ ಮತ್ತು ಮೈಕೆಲ್ ಯಂಗ್ ಎಂಬ ಮೂವರಿಗೆ 2017ರ ನೊಬೆಲ್ ಪ್ರಶಸ್ತಿ ಬಂತು. ಈ ಗಡಿಯಾರಕ್ಕೆ ಕೀಲಿ ಕೊಡುವುದು ಬೆಳಕು. ಕತ್ತಲಾದಂತೆ ಮೆಲಟೋನಿನ್ ಎಂಬ ರಸ ರಕ್ತಕ್ಕೆ ಇಳಿದು ದೇಹಕ್ಕೆ ರಾತ್ರಿಯಾಯಿತೆಂದು ತಿಳಿಸುತ್ತದೆ. ಕಣ್ಣಿನ ಮುಂದೆ ಮೊಬೈಲ್ ಬೆಳಗುತ್ತಿದ್ದರೆ ಆ ಸುದ್ದಿ ತಡವಾಗುತ್ತದೆ. ಇನ್ನೊಂದು ಸಂಗತಿಯನ್ನು ತಂದೆತಾಯಿಗಳು ವಿಶೇಷವಾಗಿ ಗಮನಿಸಬೇಕು. ಹದಿಹರೆಯದಲ್ಲಿ ಈ ಗಡಿಯಾರ ತಾನಾಗಿಯೇ ಹಿಂದೆ ಬೀಳುತ್ತದೆ. ಹದಿನಾರರ ಹುಡುಗನಿಗೆ ಹತ್ತಕ್ಕೆ ನಿದ್ದೆ ಬಾರದಿರುವುದು ಹಠವಲ್ಲ. ಆ ವಯಸ್ಸಿಗೆ ಎಂಟರಿಂದ ಹತ್ತು ಗಂಟೆಯ ನಿದ್ದೆ ಬೇಕು. ಇದನ್ನು ಗಮನಿಸಿಯೇ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು 2014ರಲ್ಲಿ, ಹದಿಹರೆಯದವರ ಶಾಲೆಗಳು 8.30ಕ್ಕಿಂತ ಮುಂಚೆ ಆರಂಭವಾಗಬಾರದೆಂದು ಶಿಫಾರಸು ಮಾಡಿತು. ನಮ್ಮ ಮಕ್ಕಳಿಗೆ ಆ ಸವಲತ್ತಿಲ್ಲ. ಆಳಂದದಿಂದ ಕಲಬುರಗಿಯ ಕಾಲೇಜಿಗೆ ನಲವತ್ತು ಕಿಲೋಮೀಟರ್, ಅಫಜಲಪುರದಿಂದ ಇನ್ನೂ ಹೆಚ್ಚು. ಬೆಳಗಿನ ಬಸ್ಸು ಯಾರಿಗೂ ಕಾಯುವುದಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಚಿಂತೆ ತಪ್ಪಿತು, ಸೀಟಿನ ಚಿಂತೆ ತಪ್ಪಲಿಲ್ಲ. ಕೂರಲು ಜಾಗ ಬೇಕೆಂದರೆ ಇನ್ನೂ ಮುಂಚೆ ಏಳಬೇಕು.

ಹೆಣ್ಣುಮಕ್ಕಳ ಮಾತು ಬಂದಿತು, ಆದ್ದರಿಂದ ಕೇಳುತ್ತೇವೆ. ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವರು ಯಾರು? ನಳದ ನೀರು ಬಂದೀತೆಂದು ಕಿವಿ ತೆರೆದೇ ಮಲಗುವವರು ಯಾರು? ನಸುಕಿನಲ್ಲೇ ರೊಟ್ಟಿ ಬಡಿಯುವ ಸದ್ದು ಯಾರದು? ರಾತ್ರಿ ಕೊನೆಯ ತಟ್ಟೆ ತೊಳೆದು ಮಲಗುವವರೂ ಅವರೇ. ಗಂಡನೂ ಮಕ್ಕಳೂ ಹತ್ತೂವರೆಗೆ ಒಬ್ಬೊಬ್ಬರಾಗಿ ಊಟಕ್ಕೆ ಬಂದರೆ ಆಕೆಯ ರಾತ್ರಿ ಹನ್ನೆರಡಕ್ಕೆ ಆರಂಭವಾಗುತ್ತದೆ. ಹೆಂಡತಿ ಗಂಡನನ್ನೂ ಗಂಡ ಹೆಂಡತಿಯನ್ನೂ ನಮಾಝ್‌ಗೆ ಎಬ್ಬಿಸುವುದನ್ನು ಪ್ರವಾದಿ(ಸ)ರು ಮೆಚ್ಚಿ ಮಾತಾಡಿದ್ದಾರೆ. ಅಬೂದಾವೂದ್‌ನ ಆ ಹದೀಸ್‌ನಲ್ಲಿ ಇಬ್ಬರಿಗೂ ಪಾಲಿದೆ. ನಮ್ಮ ಮನೆಗಳಲ್ಲಿ ಎಬ್ಬಿಸುವ ಕೆಲಸ ಒಬ್ಬರದೇ ಆಗಿಬಿಟ್ಟಿದೆ, ಬೈಯುವ ಕೆಲಸ ಇನ್ನೊಬ್ಬರದು.

ಇನ್ನು ಏಳುವ ಬಗೆ. ಇದರಲ್ಲಿ ದೊಡ್ಡ ರಹಸ್ಯವೇನಿಲ್ಲ. ಎಚ್ಚರವಾದ ಮೊದಲ ಕಾಲು ಗಂಟೆ, ಕೆಲವರಿಗೆ ಅರ್ಧ ಗಂಟೆ, ಮೆದುಳು ಮಂಕಾಗಿಯೇ ಇರುತ್ತದೆ. ಆ ಹೊತ್ತಿನಲ್ಲಿ ನಮ್ಮ ಮನಸ್ಸು ಹೇಳುವ ಯಾವ ವಾದವನ್ನೂ ನಂಬಬಾರದು. ಇನ್ನೈದು ನಿಮಿಷ ಎಂಬುದು ಆ ಮಂಕಿನ ಮಾತು. ಚೌಕಾಸಿಗೆ ಇಳಿದವನು ಸೋಲುತ್ತಾನೆ. ಕಾಲನ್ನು ನೆಲಕ್ಕೆ ಇಟ್ಟು, ದೀಪ ಹಾಕಿ, ನೀರಿನ ಬಳಿಗೆ ಹೋಗಿಬಿಡಬೇಕು, ಯೋಚನೆ ಆಮೇಲೆ. ಮಲಗಿದವನಿಗೆ ಶೈತಾನನು ಮೂರು ಗಂಟು ಹಾಕುತ್ತಾನೆ, ಅಲ್ಲಾಹನ ಸ್ಮರಣೆಯಿಂದ ಒಂದು, ವುಝೂವಿನಿಂದ ಇನ್ನೊಂದು, ನಮಾಝ್‌ನಿಂದ ಮೂರನೆಯದು ಬಿಚ್ಚಿಕೊಳ್ಳುತ್ತದೆ ಎಂಬ ಬುಖಾರಿಯ ಹದೀಸನ್ನು ನಾವು ಮದ್ರಸದಲ್ಲಿ ಓದಿದವರು. ಒಂದೇ ಏಟಿಗೆ ಬಿಚ್ಚಿಕೊಳ್ಳುತ್ತದೆ ಎಂದು ಅಲ್ಲಿ ಹೇಳಿಲ್ಲ, ಗಮನಿಸಿ. ಒಂದೊಂದಾಗಿ. ಅಲಾರಮ್ಮಿನ ಮೊಬೈಲನ್ನು ದಿಂಬಿನ ಕೆಳಗಿಡದೆ ಕೋಣೆಯ ಆಚೆ ತುದಿಯಲ್ಲಿಡಬೇಕು. ರಜಾ ದಿನವೂ ಏಳುವ ಹೊತ್ತು ಬದಲಾಗಬಾರದು, ಭಾನುವಾರ ಹತ್ತರವರೆಗೆ ಮಲಗಿದವನಿಗೆ ಸೋಮವಾರದ ನಸುಕು ಕಹಿಯಾಗುತ್ತದೆ. ಬೇಸಿಗೆಯಲ್ಲಿ ಕಡಿಮೆ ಬಿದ್ದ ನಿದ್ದೆಯನ್ನು ಮಧ್ಯಾಹ್ನದ ಖೈಲೂಲದಿಂದ ತುಂಬಿಕೊಳ್ಳಬಹುದು. ಇಪ್ಪತ್ತು ನಿಮಿಷ ಸಾಕು. ಅಸರ್‌ವರೆಗೆ ಎಳೆದರೆ ಅದು ರಾತ್ರಿಯ ನಿದ್ದೆಯನ್ನು ತಿನ್ನುತ್ತದೆ. ರಮಝಾನ್‌ನಲ್ಲಿ ಸಹರಿಯ ಬಳಿಕ ಹನ್ನೊಂದರವರೆಗೆ ಮಲಗಿ ರಾತ್ರಿಯಿಡೀ ಬಝಾರಿನಲ್ಲಿ ತಿರುಗುವವರ ಬಗ್ಗೆ ಹೇಳಿದರೆ ಕೆಲವರಿಗೆ ಬೇಸರವಾದೀತು. ಆದರೂ ಹೇಳಬೇಕಾಯಿತು.

ಇಷ್ಟೆಲ್ಲ ಮಾಡಿದರೂ ಏಳಲಾಗದವರು ಕೆಲವರಿದ್ದಾರೆ. ಅವರಿಗಾಗಿಯೇ ಈ ವಿಷಯವನ್ನು ಎತ್ತಿಕೊಂಡೆವು. ರಕ್ತಹೀನತೆಯಿದ್ದರೆ ಎಂಟು ಗಂಟೆ ಮಲಗಿದರೂ ಮೈ ಏಳುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಥೈರಾಯ್ಡ್, ಸಕ್ಕರೆ ಕಾಯಿಲೆ, ಗೊರಕೆಯ ನಡುವೆ ಉಸಿರು ಕಟ್ಟುವ ತೊಂದರೆ, ಇವೂ ಹಾಗೆಯೇ. ಸೊಸೆ ಸೋಮಾರಿ ಎಂದು ಬೀಗರ ಮನೆಗೆ ದೂರು ಹೇಳುವ ಮುನ್ನ, ತಾಯತ ಕಟ್ಟಿಸುವ ಮುನ್ನ, ಒಂದು ರಕ್ತಪರೀಕ್ಷೆ ಮಾಡಿಸಿ.

ಮನಸ್ಸಿನ ಕಾಯಿಲೆಯೂ ಹಾಸಿಗೆಯಲ್ಲೇ ಮೊದಲು ಕಾಣಿಸಿಕೊಳ್ಳುತ್ತದೆ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನಡೆಸಿದ್ದು ಬೆಂಗಳೂರಿನ ನಿಮ್ಹಾನ್ಸ್. ಇಪ್ಪತ್ತು ವಯಸ್ಕರಲ್ಲಿ ಒಬ್ಬರು ಬದುಕಿನ ಯಾವುದಾದರೊಂದು ಹಂತದಲ್ಲಿ ಖಿನ್ನತೆಗೆ ಒಳಗಾಗುತ್ತಾರೆ ಎಂದು ಅದು ಕಂಡುಕೊಂಡಿತು. ಖಿನ್ನತೆಯುಳ್ಳ ಅನೇಕರಿಗೆ ದಿನದ ಬೇರೆಲ್ಲ ಹೊತ್ತಿಗಿಂತ ಬೆಳಗೇ ಭಾರ. ಅವನು ನಿದ್ರಿಸುತ್ತಿರುವುದಿಲ್ಲ, ಎಚ್ಚರವಾಗಿಯೇ ಮಲಗಿರುತ್ತಾನೆ. ಎರಡು ವಾರಕ್ಕೂ ಮೀರಿ ಹೀಗೆಯೇ ಇದ್ದು, ಊಟ, ಗೆಳೆಯರು, ಮಾತು ಯಾವುದೂ ಬೇಡವಾದರೆ ವೈದ್ಯರ ಬಳಿಗೆ ಕರೆದೊಯ್ಯಬೇಕು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್‌ನ ಸಂಖ್ಯೆ 14416. ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬರೆದುಕೊಳ್ಳಿ.

ಪದವಿ ಮುಗಿಸಿ ಮನೆಯಲ್ಲಿರುವ ನಮ್ಮ ಹುಡುಗರ ಸಂಗತಿ ಇದಕ್ಕೆ ಹತ್ತಿರದ್ದು. ಅವನು ಏಳುವುದಾದರೂ ಯಾತಕ್ಕೆ? ಹೋಗಬೇಕಾದ ಜಾಗವಿದ್ದವನಿಗೆ ಅಲಾರಂ ಬೇಕಾಗುವುದಿಲ್ಲ. ತೊಗರಿ ಕೊಯ್ಲಿನಲ್ಲಿ ನೋಡಿ, ಬಿಸಿಲೇರಿದರೆ ಕಾಯಿ ಸಿಡಿಯುತ್ತದೆಂದು ಇಬ್ಬನಿಯಿರುವಾಗಲೇ ಎಲ್ಲರೂ ಹೊಲದಲ್ಲಿರುತ್ತಾರೆ. 2025ರ ಎಸೆಸೆಲ್ಸಿ ಪರೀಕ್ಷೆ-1ರಲ್ಲಿ ದಕ್ಷಿಣ ಕನ್ನಡ ಶೇ. 91ರೊಂದಿಗೆ ಮೊದಲಿದ್ದರೆ ಕಲಬುರಗಿ ಶೇ. 42ರೊಂದಿಗೆ ಕೊನೆಯಲ್ಲಿತ್ತು. ಇಲ್ಲಿನ ಮಕ್ಕಳು ಬೇಗ ಏಳುವುದಿಲ್ಲ, ಅದಕ್ಕೇ ಹೀಗೆ ಎಂದು ಉಪದೇಶಿಸುವುದು ಸುಲಭ. ನಾವು ಅದನ್ನು ಒಪ್ಪುವುದಿಲ್ಲ. ಐದಕ್ಕೆ ಎದ್ದ ಹುಡುಗ ಶಾಲೆಗೆ ಹೋದಾಗ ಗಣಿತದ ಮೇಷ್ಟ್ರ ಹುದ್ದೆ ಖಾಲಿಯಿದ್ದರೆ ಅವನ ನಸುಕನ್ನು ಕದ್ದವರು ಯಾರು? 371(ಜೆ) ವಿಧಿಯನ್ನು ಸಂವಿಧಾನಕ್ಕೆ ಸೇರಿಸಿದ ತಿದ್ದುಪಡಿ 2012ರದು. ಹುದ್ದೆ ತುಂಬಿಸಿಕೊಳ್ಳುವ ಹೋರಾಟಕ್ಕೆ ನಾವು ಹಗಲಿನಲ್ಲಿ ಎದ್ದಿದ್ದೇವೆಯೇ? ಕೆಲಸವಿಲ್ಲದ ಮಗನಿಗೆ ಬೈಗುಳದ ಬದಲು ಬೆಳಿಗ್ಗೆ ಏಳಕ್ಕೆ ಮಾಡಲೇಬೇಕಾದ ಒಂದು ಹೊಣೆ ಕೊಡಿ. ಅಂಗಡಿಯ ಬಾಗಿಲ ಬೀಗದ ಕೈಯಾಗಲಿ, ತಮ್ಮನ ಪಾಠವಾಗಲಿ, ಅವನು ಬಾರದಿದ್ದರೆ ನಿಂತುಹೋಗುವಂತಹ ಕೆಲಸವಾಗಿರಬೇಕು.

ಕೊನೆಗೆ ಮದುವೆ ಊಟದ ವಿಚಾರ. ಇಶಾಗೆ ಮುಂಚೆ ಮಲಗುವುದನ್ನೂ ಇಶಾದ ಬಳಿಕ ಹರಟೆ ಹೊಡೆಯುವುದನ್ನೂ ಪ್ರವಾದಿ(ಸ)ರು ಇಷ್ಟಪಡುತ್ತಿರಲಿಲ್ಲ ಎಂದು ಹದೀಸ್‌ಗಳಲ್ಲಿದೆ. ನಮ್ಮ ಶಾದಿಮಹಲ್‌ಗಳಲ್ಲಿ ಇಶಾದ ಬಳಿಕವೇ ದಸ್ತರಖಾನ್ ಹಾಸುವುದು. ಪತ್ರಿಕೆಯಲ್ಲಿ ಎಂಟೂವರೆ ಎಂದು ಅಚ್ಚಾಗಿರುತ್ತದೆ, ಕೊನೆಯ ಪಂಕ್ತಿ ಏಳುವಾಗ ಹನ್ನೊಂದೂವರೆ. ಎಳೆಯ ಮಕ್ಕಳು ತಾಯಂದಿರ ಭುಜದ ಮೇಲೆ ನಿದ್ದೆಹೋಗಿರುತ್ತಾರೆ. ಬಡಿಸಿದವರು, ಪಾತ್ರೆ ತೊಳೆದವರು ಮನೆ ಸೇರುವುದು ಯಾವಾಗಲೋ. ಈ ಸಭೆಯಲ್ಲಿ ಕುಳಿತವರಲ್ಲಿ ಈ ವರ್ಷ ಮಗಳ ಅಥವಾ ಮಗನ ಮದುವೆ ಇಟ್ಟುಕೊಂಡವರು ಇದ್ದೇ ಇರುತ್ತೀರಿ. ನಿಕಾಹನ್ನು ಅಸರ್‌ನ ಬಳಿಕ ನೆರವೇರಿಸಿ ಮಗ್ರಿಬ್ ಆದೊಡನೆ ಊಟ ಹಾಕಬಹುದು. ಜಮಾಅತ್ ಕಮಿಟಿಯ ಮುಂದಿನ ಸಭೆಯಲ್ಲಿ ಇದನ್ನು ಮೊದಲು ಎತ್ತುವವರು ಯಾರು ಎಂಬುದನ್ನು ಇಲ್ಲಿಂದ ಏಳುವ ಮೊದಲೇ ತೀರ್ಮಾನಿಸಿಬಿಡೋಣ. ಈಗ ಒಂಬತ್ತಾಗಲು ಹತ್ತು ನಿಮಿಷವಿದೆ.