ಪೆಟ್ಟಿಗೆಯಲ್ಲಿ ಮೂರು, ಹೊರಗೆ ಒಂದು
(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಸಂಘದ ಕಚೇರಿಯಲ್ಲಿರುವ ಗಣಕಯಂತ್ರದ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ನನಗೆ ಭಾಷಣದ ರೂಢಿಯಿಲ್ಲ. ಪರೇಲಿನ ಒಂದು ಬಟ್ಟೆ ಗಿರಣಿಯಲ್ಲಿ ವಯರ್‌ಮನ್ ಆಗಿದ್ದವನು ನಾನು. ಆದರೂ ಒಪ್ಪಿಕೊಂಡೆ. ಅದೇಕೆಂದರೆ ಆ ಪೆಟ್ಟಿಗೆಯೊಳಗಿರುವುದು ನಿಮ್ಮೆಲ್ಲರ ಕಾಗದಪತ್ರ. ಮೇಲಾಗಿ, ಅದರ ವಿಷಯದಲ್ಲಿ ನನ್ನದೊಂದು ತಪ್ಪೂ ಇದೆ. ಅದನ್ನು ಮುಂದೆ ಹೇಳುತ್ತೇನೆ.

ಗಿರಣಿ ಕಾರ್ಮಿಕರ ಮನೆಗಳಿಗಾಗಿ ಮ್ಹಾಡಾ 2012ರಲ್ಲಿ ಲಾಟರಿ ಎತ್ತಿದ್ದು ನಿಮಗೆ ನೆನಪಿರಬಹುದು. 1982ರ ಜನವರಿ 1ರಂದು ಅಥವಾ ಅನಂತರ ಗಿರಣಿಯ ಪಟದಲ್ಲಿ ಹೆಸರಿದ್ದವರು ಅರ್ಜಿ ಹಾಕಬಹುದೆಂದು ಗೊತ್ತುಮಾಡಿದರು. ಆದರೆ ಇದ್ದೆವೆಂದು ತೋರಿಸುವ ಕಾಗದ ಬೇಕಷ್ಟೆ? ಗಿರಣಿಯೇ ಮುಚ್ಚಿ, ಅದರ ಜಾಗದಲ್ಲಿ ಮಾಲ್ ಎದ್ದ ಮೇಲೆ ಟಿಕೆಟು, ಪಗಾರ ಚೀಟಿ, ಫಂಡಿನ ಚೀಟಿಗಳನ್ನು ಎಲ್ಲಿಂದ ತರುವುದು? ಚಾಳಿನ ಅಟ್ಟದಲ್ಲಿದ್ದ ಕೆಲವನ್ನು ಗೆದ್ದಲು ತಿಂದಿತು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿವಸಕ್ಕೆ 944 ಮಿಲಿಮೀಟರು ಮಳೆ ಸುರಿಯಿತಲ್ಲ, ಆಗ ಕೆಲವು ನೆನೆದು ಮುದ್ದೆಯಾದವು. ಉಳಿದುದನ್ನಾದರೂ ಉಳಿಸೋಣವೆಂದು ಸಂಘವು ಪ್ರತಿಯೊಂದನ್ನೂ ಸ್ಕ್ಯಾನ್ ಮಾಡಿಸಿ ಇಡತೊಡಗಿತು. ಒಂದು ಡಿಸ್ಕು ತುಂಬಿತು, ಎರಡನೆಯದು ಬಂತು, ಮೂರನೆಯದೂ ಬಂತು.

ಹಾರ್ಡ್ ಡಿಸ್ಕೆಂದರೆ ಗರಗರನೆ ತಿರುಗುವ ತಟ್ಟೆಗಳ ಡಬ್ಬಿ. ಐಬಿಎಂ ಕಂಪೆನಿಯವರು 1956ರಲ್ಲಿ ಹೊರತಂದ ಮೊದಲನೆಯದರಲ್ಲಿ 24 ಅಂಗುಲದ 50 ತಟ್ಟೆಗಳಿದ್ದವು. ತೂಕ ಸುಮಾರು ಒಂದು ಟನ್ನು. ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರ. ಈಗ ಅಂಗೈ ಮೇಲೆ ಕೂರುವ ಡಬ್ಬಿ ಅದರ ಲಕ್ಷಗಟ್ಟಲೆ ಪಟ್ಟು ಹಿಡಿಯುತ್ತದೆ. ತಟ್ಟೆ ಮಾತ್ರ ಇಂದಿಗೂ ತಿರುಗಲೇಬೇಕು, ನಿಮಿಷಕ್ಕೆ 5400 ಇಲ್ಲವೆ 7200 ಸುತ್ತು.

ಪ್ರತಿ ಡಿಸ್ಕಿಗೂ ಎರಡು ತಂತಿ. ಒಂದು ಲೆಕ್ಕದ ತಂತಿ, ಇನ್ನೊಂದು ಕರೆಂಟಿನ ತಂತಿ. ಹೋಟೆಲಿನವರಿಗೆ ಹೀಗೆ ಹೇಳಬಹುದು: ಆರ್ಡರು ಒಳಗೊಯ್ದು ತಿಂಡಿ ಹೊರತರುವ ಮಾಣಿ ಲೆಕ್ಕದ ತಂತಿ, ಭಟ್ಟಿಯ ಉರಿ ಕರೆಂಟಿನ ತಂತಿ. ಮಾಣಿ ತಪ್ಪಿದರೆ ಗಿರಾಕಿ ಕೂಗುತ್ತಾನೆ, ಕೂಡಲೇ ತಿಳಿಯುತ್ತದೆ. ಉರಿ ತಪ್ಪಿದರೆ ಅಡಿಗೆಮನೆಯೇ ಸುಡುತ್ತದೆ. ನಾವು ಗಮನ ಕೊಡುವುದೆಲ್ಲ ಮಾಣಿಯ ಕಡೆಗೇ.

ಮಾಣಿಯ ವಿಷಯ ಬೇಗ ಮುಗಿಸುತ್ತೇನೆ. ಹಿಂದೆ ಅಗಲವಾದ ಪಟ್ಟಿಯಂಥ ತಂತಿಯಿತ್ತು. ಒಂದಕ್ಕೆ ಎರಡು ಡಿಸ್ಕು. ಒಂದು ಮಾಸ್ಟರು, ಇನ್ನೊಂದು ಸ್ಲೇವು, ಅಂದರೆ ಧಣಿ ಮತ್ತು ಗುಲಾಮ. ಯಾರು ಯಾರೆಂದು ಸಣ್ಣದೊಂದು ಟೊಪ್ಪಿ ತೊಡಿಸಿ ಹೇಳಬೇಕಾಗಿತ್ತು. 2003ರ ಸುಮಾರಿಗೆ ಬಂದ ಸಾಟಾ ತಂತಿಯಲ್ಲಿ ಆ ಭೇದವಿಲ್ಲ. ಪ್ರತಿ ಡಿಸ್ಕಿಗೂ ಸ್ವಂತ ತಂತಿ, ಸ್ವಂತ ಪೋರ್ಟು. ನಮ್ಮ ಯೂನಿಯನ್ನುಗಳಿಂದ ಆಗದ ಕೆಲಸವನ್ನು ಒಂದು ತಂತಿ ಮಾಡಿತೆನ್ನಿ! ಮದರ್‌ಬೋರ್ಡಿನಲ್ಲಿ ಸಾಮಾನ್ಯವಾಗಿ ನಾಲ್ಕೋ ಆರೋ ಪೋರ್ಟುಗಳಿರುತ್ತವೆ. ಕೆಲವು ಬೋರ್ಡುಗಳಲ್ಲಿ ಎಂ.2 ಎಂಬ ಚಪ್ಪಟೆ ಡಿಸ್ಕನ್ನು ಕೂರಿಸಿದರೆ ಒಂದು ಸಾಟಾ ಪೋರ್ಟು ಸುಮ್ಮನಾಗುತ್ತದೆ. ಡಿಸ್ಕು ಕೆಟ್ಟಿತೆಂದು ಗಾಬರಿಪಡದೆ ಬೇರೆ ಪೋರ್ಟಿಗೆ ಚುಚ್ಚಿ ನೋಡಿ.

ಈಗ ಉರಿಯ ವಿಷಯ. ಗೋಡೆಯ 230 ವೋಲ್ಟನ್ನು 12, 5 ಮತ್ತು 3.3 ವೋಲ್ಟುಗಳಾಗಿ ಇಳಿಸಿಕೊಡುವ ಡಬ್ಬಿಗೆ ಎಸ್‌ಎಂಪಿಎಸ್ ಎನ್ನುತ್ತಾರೆ. ಡಿಸ್ಕಿನ ಮೋಟಾರಿಗೆ 12, ಅದರ ಮಿದುಳಿಗೆ 5. ಗಿರಣಿಯವರಿಗೆ ನಾನು ಹೇಳಬೇಕಾಗಿಲ್ಲ: ನಿಂತ ಮೋಟಾರು ಎದ್ದೇಳುವಾಗ ಎಳೆಯುವ ಕರೆಂಟು, ಓಡುವಾಗ ಎಳೆಯುವುದಕ್ಕಿಂತ ಬಹಳ ಹೆಚ್ಚು. ಭೋಂಗಾ ಕೂಗಿದೊಡನೆ ಇಡೀ ಸಾಚಾ ಖಾತೆಯನ್ನು ಒಟ್ಟಿಗೆ ಚಾಲೂ ಮಾಡಿದರೆ ಏನಾಗುತ್ತದೆಂದು ನಿಮಗೆ ಗೊತ್ತು. ಡಿಸ್ಕೂ ಹಾಗೆಯೇ. ಓಡುವಾಗ 5ರಿಂದ 8 ವಾಟು ಸಾಕು. ಏಳುವಾಗ 12 ವೋಲ್ಟಿನಲ್ಲಿ ಸುಮಾರು 2 ಆಂಪಿಯರು, ಅಂದರೆ 24 ವಾಟು. ನಾಲ್ಕು ಡಿಸ್ಕುಗಳು ಒಟ್ಟಿಗೆ ಎದ್ದರೆ ಕೆಲವು ಕ್ಷಣ ನೂರು ವಾಟಿನ ಹತ್ತಿರ. ಎಸ್‌ಎಂಪಿಎಸ್ ಬಡಕಲಾದರೆ ಡಿಸ್ಕು ಏಳುತ್ತದೆ, ಬೀಳುತ್ತದೆ, ಟಕ್ ಟಕ್ ಎನ್ನುತ್ತದೆ. ಡಿಸ್ಕೇ ಹೋಯಿತೆಂದು ನಾವು ಲ್ಯಾಮಿಂಗ್ಟನ್ ರೋಡಿಗೆ ಓಡುತ್ತೇವೆ. ಮೊದಲು ಅನ್ನ ಹೊಟ್ಟೆಗೆ ಮುಟ್ಟಿದೆಯೇ ನೋಡಿ. ಎಸ್‌ಎಂಪಿಎಸ್ ಕೊಳ್ಳುವಾಗ ಮೇಲೆ ದಪ್ಪಕ್ಷರದಲ್ಲಿ ಬರೆದ ವಾಟನ್ನು ನಂಬಬೇಡಿ. ಪಕ್ಕದ ಚೀಟಿಯಲ್ಲಿ 12 ವೋಲ್ಟಿಗೆ ಎಷ್ಟು ಆಂಪಿಯರೆಂದಿದೆ, ಅದನ್ನು ಓದಿ.

ಒಂದು ತಂತಿಯನ್ನು ಕವಲೊಡೆಸಿ ಐದಾರು ಡಿಸ್ಕು ನೇತುಹಾಕುವುದೂ ಸಲ್ಲದು. ಎಸ್‌ಎಂಪಿಎಸ್ಸಿನಿಂದ ಬರುವ ಎರಡು ಬೇರೆ ತಂತಿಗಳಿಗೆ ಹಂಚಿ. ಹಳೆಯ ನಾಲ್ಕು ಪಿನ್ನಿನ ತಂತಿಯನ್ನು ಸಾಟಾಕ್ಕೆ ಬದಲಿಸುವ ಅಗ್ಗದ ಜೋಡಣೆಗಳುಂಟು. ಅವುಗಳಲ್ಲಿ ಪ್ಲಾಸ್ಟಿಕ್ಕನ್ನು ಕರಗಿಸಿ ಎರಕ ಹೊಯ್ದ ಜಾತಿಯದನ್ನು ಮುಟ್ಟಲೇಬೇಡಿ. ಒಳಗಿನ ತಂತಿ ಒಂದಕ್ಕೊಂದು ತಗಲಿ ಬೆಂಕಿ ಹತ್ತಿದ ಉದಾಹರಣೆಗಳಿವೆ.

ಇನ್ನು ನನ್ನ ತಪ್ಪು. ಕಳೆದ ಮಳೆಗಾಲದಲ್ಲಿ ಹಳೆಯ ಎಸ್‌ಎಂಪಿಎಸ್ ತೆಗೆದು ಹೊಸದನ್ನು ಕೂರಿಸಿದೆ. ಎರಡೂ ತಂತಿ ಬಿಚ್ಚಿ ಹಾಕುವಂಥವು. ಹಳೆಯ ತಂತಿಯ ಪ್ಲಗ್ಗು ಹೊಸದರಲ್ಲಿ ಸಲೀಸಾಗಿ ಕೂತಿತು. ಹೊಸ ತಂತಿ ಎಳೆಯುವ ಶ್ರಮವೇಕೆಂದು ಹಾಗೆಯೇ ಬಿಟ್ಟೆ. ಡಿಸ್ಕಿನ ಕಡೆಯ ತುದಿ ಎಲ್ಲ ಕಂಪೆನಿಗಳದೂ ಒಂದೇ. ಎಸ್‌ಎಂಪಿಎಸ್ ಕಡೆಯ ತುದಿಯನ್ನಾದರೋ ಒಬ್ಬೊಬ್ಬರು ಒಂದೊಂದು ಕ್ರಮದಲ್ಲಿ ಹೆಣೆಯುತ್ತಾರೆ. 5 ಹೋಗಬೇಕಾದಲ್ಲಿ 12 ಹೋಯಿತು. ಶಬ್ದವೇನೂ ಬರಲಿಲ್ಲ, ವಾಸನೆ ಬಂತು. ಮೂರು ಡಿಸ್ಕುಗಳೂ ಒಂದೇ ಕ್ಷಣಕ್ಕೆ ಹೋದವು. ಜೀವಮಾನವಿಡೀ ತಂತಿ ಜೋಡಿಸಿದವನು, ಮೀಟರು ಹಿಡಿದು ನೋಡಲಿಲ್ಲ.

ಎರಡು ಡಿಸ್ಕುಗಳಿಗೆ ಕನ್ನಡಿಯಂತೆ ಒಂದೇ ಲೆಕ್ಕ ಬರೆಯಿಸಿದ್ದೆವು, ಆದ್ದರಿಂದ ಭಯವಿಲ್ಲವೆಂದು ನಂಬಿದ್ದೆವು. ಒಂದೇ ಭಟ್ಟಿಯ ಮೇಲಿದ್ದ ಎರಡು ಪಾತ್ರೆ, ಎರಡೂ ಸೀದವು. ಪುಣ್ಯವಶಾತ್ ಹಿಂದಿನ ವರ್ಷದ ಒಂದು ಪ್ರತಿ ಡೊಂಬಿವಲಿಯಲ್ಲಿ ನನ್ನ ಮಗನ ಮನೆಯಲ್ಲಿತ್ತು. ಅನಂತರ ಕೊಟ್ಟ ಮೂವತ್ತೊಂದು ಮಂದಿಯ ಕಾಗದ ಹೋಯಿತು. ಇಪ್ಪತ್ತೇಳು ಮಂದಿ ಬೈಯದೆ ಪುನಃ ತಂದುಕೊಟ್ಟರು. ಒಬ್ಬ ಅಕ್ಕ, ಸಂಘದಲ್ಲಿದೆಯಲ್ಲ ಎಂಬ ಧೈರ್ಯದಿಂದ ತಮ್ಮ ಯಜಮಾನರ ಟಿಕೆಟನ್ನು ಊರಿನಲ್ಲೇ ಬಿಟ್ಟಿದ್ದರು. ಆ ಮನೆಯ ಮಾಡು ಸೋರಿತ್ತು. ಅವರು ಇಂದು ಈ ಸಭೆಯಲ್ಲಿದ್ದಾರೆ. ಅವರ ಎದುರಿಗೇ ಕ್ಷಮೆ ಕೇಳುತ್ತೇನೆ.

ಇನ್ನೆರಡು ಮಾತು. ಹೊಸ ಡಿಸ್ಕು ಜೋಡಿಸಿದರೂ ಪರದೆಯ ಮೇಲೆ ಕಾಣದಿದ್ದರೆ, ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಅದನ್ನು ಇನಿಷಿಯಲೈಸ್ ಮಾಡಬೇಕು. 2 ಟೆರಾಬೈಟಿಗಿಂತ ದೊಡ್ಡದಾದರೆ ಜಿಪಿಟಿ ಎಂಬುದನ್ನೇ ಆರಿಸಬೇಕು. ಅದೇ ಪ್ರಶ್ನೆಯನ್ನು ಕಾಗದ ತುಂಬಿದ ಹಳೆಯ ಡಿಸ್ಕು ಕೇಳಿದರೆ ಮಾತ್ರ ಒತ್ತಬೇಡಿ. ಒಳಗಿನದರ ಸೂಚಿಯೇ ಅಳಿಸಿಹೋಗುತ್ತದೆ. ಯುಪಿಎಸ್ ಬೇಕೇ ಎಂದು ಕೇಳುವವರಿದ್ದಾರೆ. 2020ರ ಅಕ್ಟೋಬರ್ 12ರಂದು ಲೋಕಲ್ ಗಾಡಿಗಳೇ ಹಳಿಯ ಮೇಲೆ ನಿಂತದ್ದನ್ನು ಕಂಡವರು ಹಾಗೆ ಕೇಳಲಾರರು.

ಈಗ ಕಚೇರಿಯ ಪೆಟ್ಟಿಗೆಯಲ್ಲಿ ಮೂರು ಡಿಸ್ಕುಗಳಿವೆ. ಎರಡು ತಂತಿಗಳಿಗೆ ಹಂಚಿದ್ದೇನೆ, ಮೀಟರು ಹಿಡಿದು ನೋಡಿದ್ದೇನೆ. ನಾಲ್ಕನೆಯದು ಪೆಟ್ಟಿಗೆಯ ಹೊರಗೆ. ತಿಂಗಳ ಮೊದಲನೆಯ ಭಾನುವಾರ ಅದನ್ನು ಜೋಡಿಸಿ, ಪ್ರತಿ ತೆಗೆದು, ಬಿಚ್ಚಿ, ಸಮಿತಿಯ ಒಬ್ಬ ಸದಸ್ಯರು ಮನೆಗೆ ಒಯ್ಯುತ್ತಾರೆ. ಈ ತಿಂಗಳು ಅದು ಮುಲುಂಡಿನಲ್ಲಿದೆ; ಬರುವ ತಿಂಗಳು ವಸಾಯಿಗೆ ಹೋಗುವುದು. ಕಾಗದ ಇನ್ನೂ ಕೊಡದವರು ಅಂದು ಬೆಳಿಗ್ಗೆ ಹತ್ತಕ್ಕೆ ಬನ್ನಿ. ಮೂಲ ಪ್ರತಿಯನ್ನು ಮರೆಯದೆ ಮನೆಗೆ ಹಿಂದಕ್ಕೆ ಒಯ್ಯಿರಿ.