ಕತ್ತಲಾದರೆ ತಾನೇ ಮಿನುಗುವ ದೀಪ

ಗುಂಡ್ಲುಪೇಟೆ ಕಡೆ ಬಂಡೀಪುರದ ಕಾಡಂಚಿನಲ್ಲಿ ಬೇಸಾಯ ಮಾಡುವವರಿಗೆ ರಾತ್ರಿ ಕಾವಲು ತಪ್ಪಿದ್ದಲ್ಲ. ಮುಸುಕಿನ ಜೋಳ ಕೈಗೆ ಬರುವ ಹೊತ್ತಿಗೆ ಹಂದಿಯೋ ಆನೆಯೋ ಹೊಲಕ್ಕಿಳಿಯುತ್ತವೆ.

ಎಲೆಕ್ಟ್ರಾನಿಕ್ಸ್ ಹುಚ್ಚಿರುವ ಮಕ್ಕಳಿಗೆ ಇಲ್ಲೊಂದು ಒಳ್ಳೆಯ ಕೆಲಸವಿದೆ: ಇವನ್ನು ಬೆದರಿಸಲು ಕತ್ತಲಾದ ಕೂಡಲೇ ತಾನೇ ಮಿನುಗುವ ದೀಪ. ಅದರ ಜೀವಾಳ 555 ಎಂಬ ಟೈಮರ್ ಚಿಪ್. ಹಾನ್ಸ್ ಕಾಮೆನ್‌ಜಿಂಡ್ 1971ರಲ್ಲಿ ರೂಪಿಸಿದ ಈ ಎಂಟು ಕಾಲಿನ ಪುಟ್ಟ ಕರಿ ತುಣುಕು ಇಂದಿಗೂ ಕೆಲವೇ ರೂಪಾಯಿಗೆ ಸಿಗುತ್ತದೆ, ನನಗಂತೂ ಅದು ಬೆರಗೇ. ಅದಕ್ಕೆ ಜೋಡಿಸಿದ ಕೆಪಾಸಿಟರ್ ತುಂಬುತ್ತದೆ, ಬರಿದಾಗುತ್ತದೆ. ಅದರಂತೆ ದೀಪ ಹತ್ತುತ್ತದೆ, ಆರುತ್ತದೆ. ಬೆಳಕಿನಲ್ಲಿ ರೋಧ ಇಳಿದು ಕತ್ತಲಲ್ಲಿ ಏರುವ ಎಲ್‌ಡಿಆರ್ ಎಂಬ ಬಿಡಿಭಾಗ ಸೇರಿಸಿದರೆ ಸಂಜೆಯಾದದ್ದು ದೀಪಕ್ಕೇ ತಿಳಿಯುತ್ತದೆ. 12 ವೋಲ್ಟ್ ಬ್ಯಾಟರಿ, ಸಣ್ಣ ಸೋಲಾರ್ ಫಲಕ ಸಾಕು. ಆನೆ ಜಾಣ ಪ್ರಾಣಿ, ಒಂದೇ ಬಗೆಯ ಮಿನುಗಿಗೆ ಒಗ್ಗಿಬಿಡುತ್ತದೆ. ಜಾಗ, ವೇಗ ಬದಲಿಸುತ್ತಿರಬೇಕು.

ಹೊಲಕ್ಕೆ ವಿದ್ಯುತ್ ಬೇಲಿ ಹಾಕುವವರಿಗೆ ಒಂದು ಮಾತನ್ನು ಕೈಮುಗಿದು ಹೇಳುತ್ತೇನೆ. ಸೋಲಾರ್ ಬೇಲಿ ಸುಮಾರು ಸೆಕೆಂಡಿಗೊಮ್ಮೆ ಕ್ಷಣಮಾತ್ರದ ಹೊಡೆತ ಕೊಟ್ಟು ನಡುವೆ ಬಿಡುವು ನೀಡುತ್ತದೆ, ಪ್ರಾಣಿ ಹಿಂದೆ ಸರಿಯುತ್ತದೆ. ಕರೆಂಟು ಕಂಬದಿಂದ ನೇರ ಎಳೆದ 230 ವೋಲ್ಟಿನ ತಂತಿಗೆ ಆ ಬಿಡುವಿಲ್ಲ. ಆನೆಯೂ ಸಾಯುತ್ತದೆ, ಬೆಳಿಗ್ಗೆ ನೀರು ಹಾಯಿಸಲು ಹೋದ ಮನೆಯವರೂ ಸಾಯುತ್ತಾರೆ. ಅಂಥ ತಂತಿ ಕಂಡರೆ ಮುಟ್ಟದೆ ವಿದ್ಯುತ್ ಪೂರೈಸುವ ಸೆಸ್ಕ್ ಕಚೇರಿಗೆ ತಿಳಿಸಿ. ಮಕ್ಕಳ ಪ್ರಯೋಗವೆಲ್ಲ ಬ್ಯಾಟರಿಯಲ್ಲೇ ನಡೆಯಲಿ.