ಕರೆಂಟ್ ಹೋದ ಸಂಜೆಯ 17 ಎಂಟ್ರಿಗಳು

ಹೋದ ವಾರ ಎಪಿಸೋಡ್ ಯಾಕೆ ಬರಲಿಲ್ಲ ಅಂತ ಬಹಳ ಜನ ಮೆಸೇಜ್ ಹಾಕಿದ್ರಿ. ರೆಕಾರ್ಡ್ ಮಾಡೋ ಮೂರು ದಿನ ನಾನು ರಾಯಚೂರಲ್ಲೇ ಇರಲಿಲ್ಲ. ಮಾನ್ವಿಯಲ್ಲಿ ನಮ್ಮ ಮಾಮನ ಅಡತಿ ಅಂಗಡಿಯಲ್ಲಿ, ಭತ್ತದ ಚೀಲಗಳ ನಡುವೆ ಕೂತು, ಸತ್ತುಹೋದ ಒಂದು ಕಂಪ್ಯೂಟರನ್ನ ಎಬ್ಬಿಸ್ತಾ ಇದ್ದೆ. ಕಂಪ್ಯೂಟರ್ ಅಂದ್ರೆ ನಿಜವಾದ ಕಂಪ್ಯೂಟರ್ ಅಲ್ಲ. ಅದರೊಳಗಿನ ಇನ್ನೊಂದು ಕಂಪ್ಯೂಟರ್.

ಮೊದಲಿಂದ ಹೇಳ್ತೀನಿ. ಮಾಮನ ಲೆಕ್ಕದ ಸಾಫ್ಟ್‌ವೇರ್ ಫಾಕ್ಸ್‌ಪ್ರೊದಲ್ಲಿ ಬರೆದದ್ದು, ಬಹಳ ಹಳೇದು. ಬರೆದುಕೊಟ್ಟ ಪುಣ್ಯಾತ್ಮ ಈಗ ಫೋನ್ ಎತ್ತಲ್ಲ. ಅದು 16 ಬಿಟ್ ಪ್ರೋಗ್ರಾಂ, 64 ಬಿಟ್ ವಿಂಡೋಸ್ ಮೇಲೆ ಓಡಲ್ಲ. ಹೊಸ ಕಂಪ್ಯೂಟರ್ ಬಂದಾಗ ಮಾಮ ಒಂದೇ ಹಟ: "ಲೆಕ್ಕ ಬದಲಾಗಬಾರ್ದು, ಸ್ಕ್ರೀನ್ ಬದಲಾಗಬಾರ್ದು, ಎಫ್2 ಒತ್ತಿದ್ರೆ ಖಾತೆ ಬರಬೇಕು." ಹಂಗಾಗಿ ನಾನು ವಿಎಂವೇರ್ ವರ್ಕ್‌ಸ್ಟೇಷನ್ ಹಾಕಿ, ಅದರೊಳಗೆ ವಿಂಡೋಸ್ ಎಕ್ಸ್‌ಪಿಯ ವರ್ಚುವಲ್ ಮಷೀನ್ ಮಾಡಿಕೊಟ್ಟೆ. ವರ್ಕ್‌ಸ್ಟೇಷನ್ 2024ರ ನವೆಂಬರ್‌ನಿಂದ ಎಲ್ಲರಿಗೂ ಫ್ರೀ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಸಪೋರ್ಟ್ 2014ರ ಏಪ್ರಿಲ್ 8ಕ್ಕೇ ನಿಂತಿದೆ, ಅದಕ್ಕೇ ಒಳಗಿನ ಮಷೀನಿಗೆ ಇಂಟರ್ನೆಟ್ ಕೊಟ್ಟಿಲ್ಲ. ಇಲ್ಲಿವರೆಗೂ ನಾನು ಶ್ಯಾಣ್ಯಾ.

ಆಮೇಲೆ ಪ್ರಿಂಟರ್ ಡ್ರೈವರ್ ಹಾಕೋ ಮುಂಚೆ, ಜೂನ್‌ನಲ್ಲಿ ಒಂದು ಸ್ನ್ಯಾಪ್‌ಶಾಟ್ ತೆಗೆದೆ. ದೀಪಾವಳಿಗೆ ಇನ್ನೊಂದು. ತೆಗೆದು ಮರೆತುಬಿಟ್ಟೆ. ಮಾಮ ಕೇಳಿದಾಗಲೆಲ್ಲ "ಬ್ಯಾಕಪ್ ಐತಿ, ಚಿಂತಿ ಬ್ಯಾಡ" ಅಂದೆ. ಅದು ಸುಳ್ಳು ಅಂತ ನನಗೇ ಗೊತ್ತಿರಲಿಲ್ಲ.

ಬಿ.ಕಾಂ. ಭಾಷೆಯಲ್ಲಿ ಹೇಳ್ತೀನಿ. ಸ್ನ್ಯಾಪ್‌ಶಾಟ್ ತೆಗೆದಾಗ ನಿಮ್ಮ ಡಿಸ್ಕಿನ ಇನ್ನೊಂದು ಪ್ರತಿ ತಯಾರಾಗ್ತದೆ ಅಂತ ನಾವು ಅಂದ್ಕೋತೀವಿ. ಆಗಲ್ಲ. ಇರೋ ಪುಸ್ತಕವನ್ನ ಅಲ್ಲಿಗೆ ಮುಚ್ಚಿ, ಹೊಸ ಪುಸ್ತಕ ತೆಗೀತಾರೆ ಅಷ್ಟೆ. ಹೊಸದರಲ್ಲಿ ಬದಲಾದದ್ದು ಮಾತ್ರ ಇರ್ತದೆ, ಉಳಿದದ್ದಕ್ಕೆ ಹಳೇ ಪುಸ್ತಕವನ್ನೇ ತಿರುವಬೇಕು. ಮಾಮನ ಮಷೀನಿನಲ್ಲಿ ಮೂರು ಪುಸ್ತಕ: ಬೇಸ್ ಡಿಸ್ಕ್, ಅದರ ಮೇಲೆ 000001, ಅದರ ಮೇಲೆ 000002. ಮೂರೂ ಸೇರಿದ್ರೆ ಒಂದು ಡಿಸ್ಕ್. ನಡುವಿನದು ಹೋದ್ರೆ ಮೇಲಿನದು ರದ್ದಿ. ಮೂರೂ ಒಂದೇ ಹಾರ್ಡ್ ಡಿಸ್ಕ್ ಮೇಲೆ, ಒಂದೇ ಫೋಲ್ಡರಲ್ಲಿ. ಇದನ್ನ ನಾನು ಬ್ಯಾಕಪ್ ಅಂತ ಹೇಳ್ಕೊಂಡು ತಿರುಗ್ತಿದ್ದೆ.

ಏಪ್ರಿಲ್ ಕೊನೆ. ಎರಡನೇ ಬೆಳೆ ಭತ್ತ ಬರೋ ಹೊತ್ತು, ಎಡದಂಡೆ ಕಾಲುವೆ ಸೀಮೆಯ ಟ್ರ್ಯಾಕ್ಟರೆಲ್ಲ ಮಾನ್ವಿ ರೋಡಲ್ಲೇ. ಸಂಜೆ ಗಾಳಿ ಎದ್ದಿತು, ಗುಡುಗು, ಎಲ್ಲೋ ಬೇವಿನ ಟೊಂಗೆ ತಂತಿ ಮೇಲೆ ಬಿತ್ತು, ಕರೆಂಟ್ ಹೋಯ್ತು. ಇನ್ವರ್ಟರ್ ಇತ್ತು. ಬ್ಯಾಟರಿಗೆ ನೀರು ಹಾಕಿ ಎಷ್ಟು ತಿಂಗಳಾಗಿತ್ತೋ, ಒಂದು ಸಲ ಕೀಂ ಅಂದು ಅದೂ ಸುಮ್ಮನಾಯ್ತು. ನಮ್ಮದು ಕರೆಂಟ್ ತಯಾರಿಸೋ ಜಿಲ್ಲೆ ನೋಡ್ರಿ. ಶಕ್ತಿನಗರದಲ್ಲಿ 1985ರಿಂದ ಘಟಕಗಳು ಓಡ್ತಿವೆ, ಒಟ್ಟು 1,720 ಮೆಗಾವ್ಯಾಟ್. ದಕ್ಷಿಣದ ಗ್ರಿಡ್ ಉಳಿದ ದೇಶದ ಗ್ರಿಡ್‌ಗೆ ಕೂಡಿದ್ದೂ 2013ರ ಡಿಸೆಂಬರ್ 31ಕ್ಕೆ, ನಮ್ಮ ರಾಯಚೂರು–ಸೊಲ್ಲಾಪುರ 765 ಕೆವಿ ಲೈನಿನಿಂದ. ಬೇವಿನ ಟೊಂಗೆಗೆ ಇದೆಲ್ಲ ಗೊತ್ತಿರಲ್ಲ.

ಮರುದಿನ ಬೆಳಗ್ಗೆ ಮಾಮನ ಫೋನ್. "ಏನಾತೋ ಇದಕ್ಕ? ಖಾತಿನೇ ಬರವಲ್ದು." ಮೊದಲ ಬಸ್ಸಿಗೆ ಹೋದೆ. ಸ್ಕ್ರೀನ್ ಮೇಲೆ, ಫೈಲ್ ಬೇರೆ ಯಾರೋ ಬಳಸ್ತಿದ್ದಾರೆ ಅಂತ ಎರರ್. ಮಷೀನ್ ಓಡೋವಾಗ ಅದು ತನ್ನ ಡಿಸ್ಕಿಗೆ ಬೀಗ ಹಾಕ್ಕೋತದೆ, ಎಲ್‌ಸಿಕೆ ಅನ್ನೋ ಫೋಲ್ಡರ್‌ಗಳು. ಕರೆಂಟ್ ಹೋದಾಗ ಬೀಗ ತೆಗೆಯೋರು ಇರಲ್ಲ, ಹಂಗೇ ಉಳೀತದೆ. ಮಷೀನ್ ಓಡ್ತಿಲ್ಲ ಅಂತ ಖಾತ್ರಿ ಮಾಡ್ಕೊಂಡು ಅವನ್ನ ತೆಗೆದೆ. ಆಮೇಲೆ ನೋಡಿದ್ರೆ ಸೆಟ್ಟಿಂಗ್ ಬರೆದಿರೋ ವಿಎಂಎಕ್ಸ್ ಫೈಲ್‌ಗೆ ಗಾತ್ರ ಇದೆ, ಒಳಗೆ ಬರೀ ಸೊನ್ನೆ. ಹೆಸರು, ಗಾತ್ರ ಡಿಸ್ಕಿಗೆ ಹೋಗಿತ್ತು, ವಿಷಯ ಇನ್ನೂ ಮೆಮೊರಿಯಲ್ಲೇ ಇತ್ತು, ಅಷ್ಟರಲ್ಲಿ ಕತ್ತಲು.

ಇಲ್ಲಿ ನಾನು ಮಾಡಿದ ದಡ್ಡತನ ಕೇಳ್ರಿ. ಹೊಸ ವರ್ಚುವಲ್ ಮಷೀನ್ ಮಾಡಿ, ಕಣ್ಣಿಗೆ ಮೊದಲು ಬಿದ್ದ ಬೇಸ್ ಡಿಸ್ಕನ್ನೇ ಅದಕ್ಕೆ ಜೋಡಿಸಿ ಆನ್ ಮಾಡಿದೆ. ಆನ್ ಆಯ್ತು! ಮಾಮ ಊದಿನಕಡ್ಡಿ ಹಚ್ಚಿದ. ಎಫ್2 ಒತ್ತಿದ. ಖಾತೆ ಬಂತು, ಹೋದ ವರ್ಷದ ಜೂನ್‌ವರೆಗೆ. ಮುಂದೆ ಖಾಲಿ. ಸುಮಾರು ಹತ್ತು ತಿಂಗಳು, ಮಾನ್ವಿ, ದೇವದುರ್ಗ ಕಡೆಯ ರೈತರ ಮುಂಗಡ, ತೂಕ, ಬಾಕಿ, ಯಾವುದೂ ಇಲ್ಲ. ಮಾಮ ಕೂಗಾಡಲಿಲ್ಲ. ಸುಮ್ನೆ ಕುರ್ಚಿ ಮೇಲೆ ಕೂತ. ಕೂಗಾಡಿದ್ದರೆ ಚೆನ್ನಾಗಿತ್ತು.

ಖಾಲಿ ಆಗಿರೋದು ಸಮಸ್ಯೆ ಅಲ್ಲ, ಆ ಹತ್ತು ತಿಂಗಳು ಮೇಲಿನ ಎರಡು ಫೈಲಲ್ಲಿ ಇದ್ದವು. ಸಮಸ್ಯೆ ನಾನು ಆನ್ ಮಾಡಿದ್ದು. ಪ್ರತಿ ಡಿಸ್ಕಿಗೂ ಒಂದು ಸಿಐಡಿ ಇರ್ತದೆ. ಪೊಲೀಸ್ ಅಲ್ಲ, ಒಳಗಿನ ವಿಷಯದ ಗುರುತಿನ ಸಂಖ್ಯೆ. ಮೇಲಿನ ಡಿಸ್ಕಲ್ಲಿ ಪೇರೆಂಟ್ ಸಿಐಡಿ ಅಂತ ಕೆಳಗಿನದರ ಸಂಖ್ಯೆ ಬರೆದಿರ್ತದೆ. ಹೋದ ವರ್ಷದ ಅಖೈರು ಶಿಲ್ಕು ಈ ವರ್ಷದ ಆರಂಭದ ಶಿಲ್ಕಿಗೆ ಸರಿಹೊಂದಬೇಕಲ್ಲ, ಅದೇ ಥರ. ಬೇಸ್ ಆನ್ ಆದಾಗ ಎಕ್ಸ್‌ಪಿ ಅದರ ಮೇಲೆ ಏನೇನೋ ಬರೀತು, ಸಿಐಡಿ ಬದಲಾಯ್ತು. ಮುಚ್ಚಿದ ಪುಸ್ತಕದಲ್ಲಿ ನಾನು ಹೊಸ ಸಾಲು ಬರೆದಂಗೆ. ಈಗ ಮೇಲಿನ ಡಿಸ್ಕ್ ಜೋಡಿಸಿದ್ರೆ, ಮರಿ ಹುಟ್ಟಿದ ಮೇಲೆ ತಾಯಿ ಡಿಸ್ಕ್ ಬದಲಾಗಿದೆ ಅಂತ ಎರರ್.

ಆಗ ಬುದ್ಧಿ ಬಂತು. ಪಕ್ಕದ ಅಂಗಡಿಯಿಂದ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಇಸ್ಕೊಂಡು ಇಡೀ ಫೋಲ್ಡರನ್ನ ಕಾಪಿ ಮಾಡಿದೆ. ಇದನ್ನ ಬೀಗ ತೆಗೆಯೋಕೂ ಮುಂಚೆ ಮಾಡಬೇಕಿತ್ತು. ಮಾಡಿದ್ದರೆ ಬದಲಾಗದ ಬೇಸ್ ಡಿಸ್ಕ್ ಕೈಯಲ್ಲಿರ್ತಿತ್ತು, ಈ ಎಪಿಸೋಡ್ ಐದು ನಿಮಿಷದ್ದಾಗ್ತಿತ್ತು. ಮುಂದಿನ ಕೆಲಸ ಎಲ್ಲ ಕಾಪಿ ಮೇಲೆ.

ಕಳೆದುಹೋದ ಸೆಟ್ಟಿಂಗ್ ಸಿಕ್ಕಿದ್ದು ಲಾಗ್ ಫೈಲಲ್ಲಿ. ಮಷೀನ್ ಪ್ರತಿ ಸಲ ಆನ್ ಆದಾಗ ತನ್ನ ಸೆಟ್ಟಿಂಗ್ ಎಲ್ಲ ಅದರಲ್ಲಿ ಸಾಲುಸಾಲಾಗಿ ಬರೀತದೆ, ಯಾವ ಡಿಸ್ಕ್ ಮೇಲೆ ಯಾವುದು ಅನ್ನೋದೂ ಸೇರಿ. ಅದನ್ನ ನೋಡಿ ವಿಎಂಎಕ್ಸ್ ಮತ್ತೆ ಬರೆದೆ. ಆಮೇಲೆ 000001ರ ವಿವರದ ಫೈಲನ್ನ ನೋಟ್‌ಪ್ಯಾಡಲ್ಲಿ ತೆಗೆದು, ಪೇರೆಂಟ್ ಸಿಐಡಿ ಜಾಗದಲ್ಲಿ ಬೇಸಿನ ಹೊಸ ಸಂಖ್ಯೆ ಹಾಕಿದೆ. ನಾನು ಡಿಸ್ಕನ್ನ ತುಂಡುತುಂಡಾಗಿ ಇಡೋ ಆಯ್ಕೆ ಹಾಕಿದ್ದಕ್ಕೆ ವಿವರ ಬೇರೆ ಚಿಕ್ಕ ಫೈಲಲ್ಲಿತ್ತು. ಒಂದೇ ದೊಡ್ಡ ಫೈಲ್ ಇದ್ದೋರು ನೋಟ್‌ಪ್ಯಾಡಲ್ಲಿ ತೆಗೆದು ಸೇವ್ ಒತ್ತಬೇಡ್ರಿ, ಡಿಸ್ಕೇ ಹಾಳಾಗ್ತದೆ.

ಕಾಮರ್ಸ್ ಓದಿದೋರಿಗೆ ಈ ಕೆಲಸ ಮಾಡೋವಾಗ ಕೈ ನಡುಗಬೇಕು. ತಾಳೆ ಆಗದ ಎರಡು ಸಂಖ್ಯೆಯಲ್ಲಿ ಒಂದನ್ನ ಒರೆಸಿ ಇನ್ನೊಂದನ್ನ ಬರೆಯೋದು! ಟ್ರಯಲ್ ಬ್ಯಾಲೆನ್ಸ್ ತಾಳೆ ಆಗ್ತದೆ, ಲೆಕ್ಕ ಸರಿ ಇದೆ ಅಂತ ಅರ್ಥ ಅಲ್ಲ. ಅದಕ್ಕೇ ಮಷೀನ್ ಆನ್ ಮಾಡಲಿಲ್ಲ. ವಿಡಿಸ್ಕ್‌ಮ್ಯಾನೇಜರ್ ಅನ್ನೋ ಟೂಲಿಂದ ಮೂರೂ ಪದರ ಕೂಡಿಸಿ ಹೊಸ ಒಂದೇ ಡಿಸ್ಕ್ ಮಾಡಿದೆ, ಅದರಿಂದ ಎಕ್ಸ್‌ಪಿ ಎಬ್ಬಿಸಿ ಚೆಕ್‌ಡಿಸ್ಕ್ ಓಡಿಸಿದೆ. ಸಾಫ್ಟ್‌ವೇರಲ್ಲಿ ಇಂಡೆಕ್ಸ್ ಮತ್ತೆ ಕಟ್ಟಿದೆ. ಆಮೇಲೆ ತಿಂಗಳು ತಿಂಗಳಿನ ಮೊತ್ತ ತೆಗೆದು, ಆಡಿಟರಿಗೆ ಕೊಟ್ಟಿದ್ದ ಹಳೇ ಪ್ರಿಂಟಿಗೆ, ಎಪಿಎಂಸಿ ಬಿಲ್ಲಿಗೆ ಇಟ್ಟು ನೋಡಿದೆ. ಒಂದೂವರೆ ದಿನ ಇದೇ. ಹತ್ತು ತಿಂಗಳೂ ಕೂಡಿದವು.

ಕೂಡದ್ದು ಆ ಒಂದು ಸಂಜೆ. 17 ಎಂಟ್ರಿ ಡಿಸ್ಕಿಗೆ ಮುಟ್ಟೇ ಇರಲಿಲ್ಲ. 16ಕ್ಕೆ ತೂಕದ ಚೀಟಿ ಇದ್ದವು, ಹೊಡೆದೆವು. ಹದಿನೇಳನೇದಕ್ಕೆ ಚೀಟಿ ಇಲ್ಲ. ದೇವದುರ್ಗ ಕಡೆಯ ರೈತರೊಬ್ಬರು ಆ ಸಂಜೆ 12,000 ಮುಂಗಡ ವಾಪಸ್ ಕೊಟ್ಟಿದ್ದರಂತೆ. ಮಾಮ ಟೈಪ್ ಮಾಡಿ ರಸೀದಿ ಪ್ರಿಂಟ್ ಕೊಟ್ಟ ಹೊತ್ತಿಗೇ ಕರೆಂಟ್ ಹೋಗಿದೆ. ಗದ್ದಲದಲ್ಲಿ ಮಾಮನಿಗೆ ನೆನಪೇ ಇಲ್ಲ. ಮೂರನೇ ದಿನ ಅವರು ಭತ್ತದ ಲೆಕ್ಕಕ್ಕೆ ಬಂದರು. ನಾನು ಮೂರು ದಿನ ನಿದ್ದೆಗೆಟ್ಟು ಎಬ್ಬಿಸಿದ ಕಂಪ್ಯೂಟರ್, ಬಾಕಿ 12,000 ಅಂತ ತೋರಿಸ್ತು.

"ಕೊಟ್ಟೀನಲ್ರಿ ಸಾವಕಾರ್ರ" ಅಂದರು ಅವರು. "ಕಂಪ್ಯೂಟರ್‌ನ್ಯಾಗ ಇಲ್ಲಲ್ಲ" ಅಂದ ಮಾಮ. ಇಬ್ಬರೂ ನನ್ನ ಮುಖ ನೋಡಿದ್ರು.

ಮಾಮನಿಗೆ ಒಂದು ಹಳೇ ಚಟ ಇದೆ, ಏನೇ ಆಗಲಿ ರಾತ್ರಿ ಗಲ್ಲಾ ಎಣಿಸಿ ಕ್ಯಾಲೆಂಡರ್ ಹಾಳೆ ಹಿಂದೆ ಬರೆದಿಡ್ತಾನೆ. ಆ ರಾತ್ರಿ ಮೇಣದಬತ್ತಿ ಬೆಳಕಲ್ಲೂ ಬರೆದಿದ್ದ: 59,750. ಹದಿನಾರು ಚೀಟಿ ಸೇರಿಸಿ ಪುಸ್ತಕದ ಪ್ರಕಾರ ಗಲ್ಲಾದಲ್ಲಿ ಇರಬೇಕಿದ್ದದ್ದು 48,350. ಹೆಚ್ಚಿಗೆ 11,400. ಹನ್ನೆರಡು ಸಾವಿರ ಆಗಲಿಲ್ಲವಲ್ಲ ಅಂತ ನಾನು ಮತ್ತೆ ಮತ್ತೆ ಕೂಡಿಸ್ತಿದ್ದೆ. ಹೊರಗೆ ಚೀಲ ಹೊಲೀತಿದ್ದ ಹಮಾಲರೊಬ್ಬರು ಅಲ್ಲಿಂದಲೇ ಹೇಳಿದ್ರು, "ಅವತ್ತು ಕತ್ತಲಾಗ ನಮಗ ಆರುನೂರು ಕೊಟ್ರಲ್ರಿ, ತಾಡಪತ್ರಿ ಹೊಚ್ಚಿದ್ದಕ್ಕ."

ಮಾಮ ಎರಡೂ ಎಂಟ್ರಿ ಹೊಡೆಸಿದ. ರೈತರಿಗೆ ರಸೀದಿ ಪ್ರಿಂಟ್ ಕೊಟ್ಟೆ, ಅವರು ಮಡಚಿ ಅಂಗಿ ಜೇಬಲ್ಲಿ ಇಟ್ಕೊಂಡು ಚಹಾ ಕುಡಿದು ಹೋದರು. ಹಳೇ ಸ್ನ್ಯಾಪ್‌ಶಾಟ್ ಈಗ ಒಂದೂ ಇಲ್ಲ. ಅಂಗಡಿ ಮುಚ್ಚೋ ಮುಂಚೆ ಮಷೀನ್ ಬಂದ್ ಮಾಡಿ, ಫೋಲ್ಡರ್ ಕಾಪಿ ಮಾಡಿದ ಡಿಸ್ಕನ್ನ ಮಾಮ ಮನೆಗೇ ಒಯ್ತಾನೆ, ಊಟದ ಡಬ್ಬಿ ಜೊತೆ. ಕ್ಯಾಲೆಂಡರ್ ಹಾಳೆ ಬಿಟ್ಟಿಲ್ಲ. ಇನ್ವರ್ಟರಿಗೆ ಹೊಸ ಬ್ಯಾಟರಿ ನಾನೇ ಕೊಡಿಸ್ತೀನಿ ಅಂದಿದ್ದೀನಿ, ರೇಟ್ ಕೇಳಿದ ಮೇಲೆ ಕಂತಿನಲ್ಲಿ ಅಂದಿದ್ದೀನಿ. ಮುಂದಿನ ವಾರ ಸಿಗೋಣ ರೀ.